‘ಲುಕ್ ಫಾರ್ವರ್ಡ್ ಟು’ ಆದ ಮೇಲೆ ‘ಹಿಯರ್’ ಬರಬೇಕೋ, ‘ಹಿಯರಿಂಗ್’ ಬರಬೇಕೋ?

ಪ್ರಶ್ನೆ: ಕಚೇರಿಯ ಇಮೇಲ್‌ಗಳ ಕೊನೆಯಲ್ಲಿ ನಾನು ಬಹಳ ವರ್ಷಗಳಿಂದ ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಎಂದೇ ಬರೆಯುತ್ತಿದ್ದೇನೆ. ಇತ್ತೀಚೆಗೆ ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರು ಅದು ‘ಹಿಯರಿಂಗ್’ ಆಗಬೇಕು ಎಂದರು. ‘ಟು’ ಆದ ಮೇಲೆ ಕ್ರಿಯಾಪದದ ಮೂಲರೂಪವೇ ಬರಬೇಕು, ‘ಹಿಯರ್’ಗೆ ‘ಇಂಗ್’ ಸೇರಿಸಬಾರದು ಎಂದು ನಾನು ಶಾಲೆಯಲ್ಲಿ ಕಲಿತಿದ್ದೇನೆ. ಯಾರು ಸರಿ? ‘ಐ ಲುಕ್’ ಎನ್ನಬೇಕೋ ‘ಐ ಆಮ್ ಲುಕಿಂಗ್’ ಎನ್ನಬೇಕೋ? ‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ’ ಎಂದು ಬರೆಯುವವರೂ ಇದ್ದಾರೆ. ಅದು ಸರಿಯೇ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಎಂದೇ ಬರೆಯಬೇಕು. ಹಾಗೆಂದು ನಿಮಗೆ ಶಾಲೆಯಲ್ಲಿ ಹೇಳಿಕೊಟ್ಟ ನಿಯಮಗಳು ಸುಳ್ಳೇನೂ ಅಲ್ಲ. ಎರಡೂ ಅರ್ಧಕ್ಕೆ ನಿಂತ ನಿಯಮಗಳು, ಅಷ್ಟೆ. ಉಳಿದರ್ಧವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬೇರೊಂದು ಅಧ್ಯಾಯದಲ್ಲಿ, ಬೇರೊಂದು ತಲೆಬರಹದ ಕೆಳಗೆ ಇಟ್ಟಿರುತ್ತವೆ. ಅವೆರಡನ್ನೂ ಯಾರೂ ಒಟ್ಟಿಗೆ ತಂದು ತೋರಿಸುವುದಿಲ್ಲ. ಹಾಗಾಗಿ ವ್ಯಾಕರಣದ ಬಗ್ಗೆ ಕಾಳಜಿ ಇರುವವರೇ ಇಲ್ಲಿ ಹೆಚ್ಚು ಎಡವುತ್ತಾರೆ.

ವಿಷಯ ಇಷ್ಟು. ಇಂಗ್ಲಿಷ್‌ನಲ್ಲಿ ‘ಟು’ ಎಂಬ ಒಂದೇ ಪದ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ‘ಐ ವಾಂಟ್ ಟು ಗೋ’ ಎಂಬಲ್ಲಿ ಅದು ಇನ್ಫಿನಿಟಿವ್‌ನ, ಅಂದರೆ ಕ್ರಿಯಾಪದದ ಮೂಲರೂಪದ, ಗುರುತು. ಅದಕ್ಕೆ ಸ್ವಂತ ಅರ್ಥವಿಲ್ಲ, ಮುಂದಿನ ಕ್ರಿಯಾಪದಕ್ಕೆ ಅಂಟಿಕೊಂಡಿರುತ್ತದೆ. ‘ಐ ವೆಂಟ್ ಟು ದ ಲೈಬ್ರರಿ’ ಎಂಬಲ್ಲಿ ಅದು ಪ್ರಿಪೊಸಿಷನ್. ಕನ್ನಡದಲ್ಲಿ ನಾವು ‘ಗೆ’, ‘ಕ್ಕೆ’ ಎಂಬ ವಿಭಕ್ತಿ ಪ್ರತ್ಯಯಗಳಿಂದಲೋ ‘ಕಡೆಗೆ’ ಎಂಬ ಪದದಿಂದಲೋ ಮಾಡಿಕೊಳ್ಳುವ ಕೆಲಸ ಅದು. ಮೊದಲನೆಯ ‘ಟು’ ಆದ ಮೇಲೆ ಕ್ರಿಯಾಪದದ ಮೂಲರೂಪ ಬರುತ್ತದೆ. ನೀವು ಕಲಿತ ನಿಯಮ ಇದರದು. ಎರಡನೆಯ ‘ಟು’ ಆದ ಮೇಲೆ ನಾಮಪದ ಬರಬೇಕು, ಇಲ್ಲವೇ ನಾಮಪದದ ಜಾಗದಲ್ಲಿ ನಿಲ್ಲಬಲ್ಲ ಇನ್ನೇನಾದರೂ ಬರಬೇಕು. ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿ ಇರುವುದು ಈ ಎರಡನೆಯ ‘ಟು’. ಅಲ್ಲಿಗೆ ಕ್ರಿಯಾಪದವೊಂದು ಬರಬೇಕಾದರೆ ಮೊದಲು ನಾಮಪದದ ವೇಷ ತೊಟ್ಟೇ ಬರಬೇಕು. ಆ ವೇಷವೇ ‘ಇಂಗ್’.

ಈ ಗೊಂದಲಕ್ಕೆ ಒಂದು ಹಳೆಯ ಕಾರಣವಿದೆ. ಎರಡೂ ‘ಟು’ಗಳ ಮೂಲ ಒಂದೇ. ಹಳೆಯ ಇಂಗ್ಲಿಷ್‌ನಲ್ಲಿ ಕ್ರಿಯಾಪದದ ಮೂಲರೂಪವನ್ನು ಗುರುತಿಸುತ್ತಿದ್ದುದು ಪದದ ಕೊನೆಯ ಪ್ರತ್ಯಯ, ‘ಟು’ ಬೇಕಾಗಿರಲಿಲ್ಲ. ಉದ್ದೇಶವನ್ನೋ ಗುರಿಯನ್ನೋ ಹೇಳಬೇಕಾದಾಗ ಮಾತ್ರ ಆ ಮೂಲರೂಪಕ್ಕೆ ವಿಭಕ್ತಿ ಹಚ್ಚಿ, ಹಿಂದೆ ‘ಕಡೆಗೆ’ ಎಂಬರ್ಥದ ‘ಟು’ ಇಡುತ್ತಿದ್ದರು. ಶತಮಾನಗಳು ಕಳೆದಂತೆ ಪ್ರತ್ಯಯಗಳು ಸವೆದುಹೋದವು. ಮೂಲರೂಪವನ್ನು ಗುರುತಿಸುವ ಹೊಣೆ ‘ಟು’ ಮೇಲೆ ಬಿತ್ತು, ಅದರ ದಿಕ್ಕಿನ ಅರ್ಥ ಕರಗಿತು. ಇತ್ತ ಪ್ರಿಪೊಸಿಷನ್ ಆಗಿ ಉಳಿದ ‘ಟು’ ತನ್ನ ಪಾಡಿಗೆ ತಾನು ಮುಂದುವರಿಯಿತು. ನೋಡಲು ಒಂದೇ, ಕೇಳಲು ಒಂದೇ, ವ್ಯಾಕರಣ ಮಾತ್ರ ಬೇರೆ.

ಎದುರಿಗಿರುವುದು ಯಾವ ‘ಟು’ ಎಂದು ಪತ್ತೆ ಮಾಡಲು ಸರಳವಾದ ಪರೀಕ್ಷೆಯೊಂದಿದೆ. ‘ಟು’ ಆದ ಮೇಲೆ ‘ಇಟ್’ ಎಂದು ಇಟ್ಟು ನೋಡಿ. ‘ಐ ಲುಕ್ ಫಾರ್ವರ್ಡ್ ಟು ಇಟ್’ ಎಂದರೆ ವಾಕ್ಯ ಸರಾಗವಾಗಿ ನಿಲ್ಲುತ್ತದೆ. ‘ಐ ವಾಂಟ್ ಟು ಇಟ್’, ‘ಐ ಹೋಪ್ ಟು ಇಟ್’, ‘ಐ ಡಿಸೈಡೆಡ್ ಟು ಇಟ್’ ಎಂದರೆ ಕಿವಿಗೇ ಗೊತ್ತಾಗುತ್ತದೆ, ಏನೋ ಮುರಿದಿದೆ ಎಂದು. ‘ಇಟ್’ ನಿಲ್ಲದ ಕಡೆ ಖಂಡಿತವಾಗಿ ಮೂಲರೂಪವೇ ಬರಬೇಕು. ‘ಇಟ್’ ನಿಲ್ಲುವ ಕಡೆ ಬಹುಪಾಲು ‘ಇಂಗ್’ ಬರಬೇಕು.

‘ಬಹುಪಾಲು’ ಎಂದದ್ದನ್ನು ಗಮನಿಸಿ. ಈ ಪರೀಕ್ಷೆಯನ್ನು ಹೇಳಿಕೊಡುವವರು ಅದರ ಅಪವಾದಗಳನ್ನು ಹೇಳುವುದಿಲ್ಲ; ಆಮೇಲೆ ಕಲಿತವರು ಇನ್ನೊಂದು ದಿಕ್ಕಿನಲ್ಲಿ ತಪ್ಪುತ್ತಾರೆ. ‘ಐ ಅಗ್ರೀಡ್ ಟು ಇಟ್’ ಎನ್ನಬಹುದು. ಹಾಗೆಂದು ‘ಐ ಅಗ್ರೀಡ್ ಟು ಗೋಯಿಂಗ್’ ಎಂದು ಬರೆಯಲು ಹೋಗಬೇಡಿ. ‘ಐ ಅಗ್ರೀಡ್ ಟು ಗೋ’ ಎಂಬುದೇ ಸಹಜ. ‘ಕನ್ಸೆಂಟ್’ ಕೂಡ ಹೀಗೆಯೇ. ‘ಎನ್‌ಟೈಟಲ್ಡ್ ಟು ಎ ರಿಫಂಡ್’ ಸರಿ, ‘ಎನ್‌ಟೈಟಲ್ಡ್ ಟು ರಿಸೀವ್ ಎ ರಿಫಂಡ್’ ಎಂಬುದೂ ಸರಿ. ಇಂಥ ಪದಗಳು ಎರಡೂ ಬಗೆಯ ‘ಟು’ವನ್ನು ಇಟ್ಟುಕೊಂಡಿವೆ: ಮುಂದೆ ನಾಮಪದ ಬಂದರೆ ಪ್ರಿಪೊಸಿಷನ್, ಕ್ರಿಯಾಪದ ಬಂದರೆ ಇನ್ಫಿನಿಟಿವ್. ಇವು ಹೆಚ್ಚೇನೂ ಇಲ್ಲ, ಬಳಸುತ್ತಾ ಬಳಸುತ್ತಾ ಪರಿಚಯವಾಗುತ್ತವೆ. ಕಾಲ ಕಳೆದಂತೆ ಪಕ್ಷ ಬದಲಾಯಿಸಿದ ಪದಗಳೂ ಉಂಟು. ಹತ್ತೊಂಬತ್ತನೆಯ ಶತಮಾನದ ಗದ್ಯ ಓದಿದರೆ ‘ಅಕಸ್ಟಮ್ಡ್ ಟು’ ಆದ ಮೇಲೆ ಮೂಲರೂಪ ಧಾರಾಳವಾಗಿ ಸಿಗುತ್ತದೆ. ಇಂದು ಅಲ್ಲಿ ‘ಇಂಗ್’ ಬರೆಯುವುದೇ ರೂಢಿ. ಆದ್ದರಿಂದ ಹಳೆಯ ಕಾದಂಬರಿಯೊಂದನ್ನು ಮುಂದಿಟ್ಟು ಯಾರಾದರೂ ವಾದಕ್ಕೆ ಬಂದರೆ ಸೋಲೊಪ್ಪಬೇಕಾಗಿಲ್ಲ.

ಈಗ ನಿಮ್ಮ ಎರಡನೆಯ ಅನುಮಾನ. ‘ಹಿಯರ್’, ‘ಸೀ’, ‘ನೋ’ ಮುಂತಾದ ಕ್ರಿಯಾಪದಗಳಿಗೆ ‘ಇಂಗ್’ ಸೇರಿಸಬಾರದು ಎಂದು ಕಲಿಸುತ್ತಾರೆ. ‘ಐ ಆಮ್ ಹಿಯರಿಂಗ್ ಎ ಸೌಂಡ್’ ಎನ್ನಬೇಡಿ, ‘ಐ ಹಿಯರ್ ಎ ಸೌಂಡ್’ ಎನ್ನಿ ಎನ್ನುವ ಪಾಠ ಅದು. ಒಳ್ಳೆಯ ಪಾಠವೇ. ಆದರೆ ಅದು ಅನ್ವಯಿಸುವುದು ‘ಆಮ್’, ‘ಈಸ್’, ‘ಆರ್’ ಜೊತೆಗೆ ಬಂದು ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ‘ಇಂಗ್’ಗೆ. ನಮ್ಮ ವಾಕ್ಯದ ‘ಹಿಯರಿಂಗ್’ ಕಾಲವನ್ನೇ ಸೂಚಿಸುವುದಿಲ್ಲ. ಅದು ಜೆರಂಡ್, ಅಂದರೆ ಕನ್ನಡ ವ್ಯಾಕರಣದ ಕೃದಂತ ಭಾವನಾಮಕ್ಕೆ ಹತ್ತಿರದ ರೂಪ: ಓದುವುದು, ಕೇಳುವುದು, ನೋಡುವುದು. ‘ಸೀಯಿಂಗ್ ಈಸ್ ಬಿಲೀವಿಂಗ್’ ಎಂಬ ಗಾದೆಯನ್ನು ಯಾರೂ ಆಕ್ಷೇಪಿಸುವುದಿಲ್ಲವಲ್ಲ! ಜೆರಂಡ್ ಆಗಲು ಯಾವ ಕ್ರಿಯಾಪದಕ್ಕೂ ಅಡ್ಡಿಯಿಲ್ಲ. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಸೀಯಿಂಗ್ ಯು’ ಎಂದು ಒಂದೇ ವಾಕ್ಯದಲ್ಲಿ ಎರಡು ‘ಇಂಗ್’ ಬಂದರೂ ಮುಜುಗರಪಡಬೇಕಾಗಿಲ್ಲ. ಮೊದಲನೆಯದು ಕಾಲ, ಎರಡನೆಯದು ನಾಮ.

ಈ ಜೆರಂಡ್ ಎಂಬುದು ಹೊರಗಿನಿಂದ ನೋಡಿದರೆ ನಾಮಪದ, ಒಳಗೆ ಇನ್ನೂ ಕ್ರಿಯಾಪದ. ನಾಮಪದದ ಜಾಗದಲ್ಲಿ ಕೂತಿದ್ದರೂ ತನ್ನ ಕರ್ಮಪದವನ್ನು ಬಿಟ್ಟುಕೊಡುವುದಿಲ್ಲ: ‘ಮೀಟಿಂಗ್ ಯು’, ‘ರೀಡಿಂಗ್ ಯುವರ್ ರಿಪೋರ್ಟ್’. ಹಾಗಾಗಿಯೇ ಅದರ ಹಿಂದೆ ‘ದ’ ಇಡುವುದಿಲ್ಲ. ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು’ ಎಂದರೆ ನಿಮ್ಮನ್ನು ಭೇಟಿಯಾಗುವುದು. ‘ಐ ಲುಕ್ ಫಾರ್ವರ್ಡ್ ಟು ದ ಮೀಟಿಂಗ್’ ಎಂದರೆ ಸಭೆ. ಅಲ್ಲಿ ‘ಮೀಟಿಂಗ್’ ಪೂರ್ತಿ ನಾಮಪದವಾಗಿಬಿಟ್ಟಿದೆ. ಎರಡೂ ಸರಿ, ‘ದ ಮೀಟಿಂಗ್ ಯು’ ಎಂಬುದು ಮಾತ್ರ ಎರಡಕ್ಕೂ ಸೇರದ ಎಡಬಿಡಂಗಿ. ‘ಹಿಯರಿಂಗ್’ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಐ ಲುಕ್ ಫಾರ್ವರ್ಡ್ ಟು ದ ಹಿಯರಿಂಗ್’ ಎಂದು ಬರೆದು ನಿಲ್ಲಿಸಿದರೆ ನ್ಯಾಯಾಲಯದ ವಿಚಾರಣೆಗೆ ಕಾಯುತ್ತಿದ್ದೀರಿ ಎಂದಾಗುತ್ತದೆ. ವಕೀಲರಿಗೆ ಬರೆಯುತ್ತಿದ್ದರೆ ಸರಿ!

‘ಟು ಹಿಯರ್’ ಎಂಬ ತಪ್ಪು ಇಷ್ಟು ಹರಡಲು ಇನ್ನೂ ಒಂದು ಕಾರಣವಿದೆ ಎಂದು ನನಗೆ ಅನ್ನಿಸುತ್ತದೆ. ಇದೇ ಅರ್ಥದ ಇನ್ನೊಂದು ಮುಕ್ತಾಯ ವಾಕ್ಯ ಬಳಕೆಯಲ್ಲಿದೆ: ‘ಐ ಹೋಪ್ ಟು ಹಿಯರ್ ಫ್ರಮ್ ಯು’. ಇದು ನೂರಕ್ಕೆ ನೂರು ಸರಿ, ಏಕೆಂದರೆ ‘ಹೋಪ್’ ಆದ ಮೇಲಿನ ‘ಟು’ ಇನ್ಫಿನಿಟಿವ್‌ನದು. ಎರಡು ವಾಕ್ಯಗಳೂ ಕಿವಿಯಲ್ಲಿ ಕೂತಿರುತ್ತವೆ. ಬರೆಯುವಾಗ ಒಂದರ ತಲೆಗೆ ಇನ್ನೊಂದರ ಬಾಲ ಸೇರಿಕೊಳ್ಳುತ್ತದೆ. ಕೈಗೆ ‘ಇಂಗ್’ ರೂಢಿಯಾಗುವವರೆಗೆ ‘ಐ ಹೋಪ್ ಟು ಹಿಯರ್ ಫ್ರಮ್ ಯು ಸೂನ್’ ಎಂದೇ ಬರೆದರೂ ನಷ್ಟವಿಲ್ಲ. ಸ್ವಲ್ಪ ಮೆತ್ತಗಿನ ವಾಕ್ಯ, ಅಷ್ಟೆ. ಉತ್ತರ ಬಂದೇ ಬರುತ್ತದೆ ಎಂಬ ಭರವಸೆ ಅದರಲ್ಲಿಲ್ಲ, ಬಂದರೆ ಸಂತೋಷ ಎಂಬ ಧ್ವನಿಯಿದೆ. ಮೊದಲ ಸಲ ಪತ್ರ ಬರೆಯುತ್ತಿರುವ ಅಪರಿಚಿತರಿಗೆ ಅದೇ ಹೆಚ್ಚು ಒಪ್ಪುತ್ತದೆ.

ಇನ್ನು ‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ’. ಇದು ಸರಿಯಲ್ಲ. ‘ನಿಮ್ಮ ಉತ್ತರಕ್ಕಾಗಿ’ ಎಂದು ಮನಸ್ಸಿನಲ್ಲಿ ಬಂದ ಕೂಡಲೇ ಕೈ ‘ಫಾರ್’ ಎಂದು ಬರೆದುಬಿಡುತ್ತದೆ. ಜೊತೆಗೆ ‘ವೇಟ್ ಫಾರ್’, ‘ಹೋಪ್ ಫಾರ್’, ‘ಲುಕ್ ಫಾರ್’ ಎಂಬ ನೆರೆಹೊರೆಯವರ ಪ್ರಭಾವವೂ ಇದೆ. ಇಂಗ್ಲಿಷ್‌ನಲ್ಲಿ ಪ್ರಿಪೊಸಿಷನ್ ಯಾವುದು ಎಂಬುದನ್ನು ಅರ್ಥಕ್ಕಿಂತ ಹೆಚ್ಚಾಗಿ ಜೊತೆಗಿರುವ ಪದವೇ ನಿರ್ಧರಿಸುತ್ತದೆ. ‘ವೇಟ್’ ಎಂದರೆ ‘ಫಾರ್’ ಬೇಕು: ‘ಐ ಆಮ್ ವೇಟಿಂಗ್ ಫಾರ್ ಯುವರ್ ರಿಪ್ಲೈ’. ‘ಅವೇಟ್’ ಎಂದರೆ ಏನೂ ಬೇಡ: ‘ಐ ಅವೇಟ್ ಯುವರ್ ರಿಪ್ಲೈ’. ‘ಲುಕ್ ಫಾರ್ವರ್ಡ್’ ಎಂದರೆ ‘ಟು’ ಮಾತ್ರ: ‘ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’. ಈ ಕೊನೆಯ ವಾಕ್ಯದಲ್ಲಿ ‘ರಿಪ್ಲೈ’ ನಾಮಪದವಾದ್ದರಿಂದ ‘ಇಂಗ್’ನ ತಕರಾರೇ ಇಲ್ಲ. ಆತುರದಲ್ಲಿ ಬರೆಯುವವರಿಗೆ ಇದಕ್ಕಿಂತ ಸುರಕ್ಷಿತವಾದ ದಾರಿ ನನಗೆ ಕಾಣುವುದಿಲ್ಲ.

ಪ್ರಿಪೊಸಿಷನ್ನನ್ನೇ ನುಂಗಿಬಿಡುವವರೂ ಇದ್ದಾರೆ. ನೇರ ವಾಕ್ಯದಲ್ಲಿ ಇದು ಕಡಿಮೆ. ಪದಗಳ ಕ್ರಮ ಬದಲಾದಾಗ ಹೆಚ್ಚು. ‘ದಿಸ್ ಈಸ್ ದ ಡೇ ಐ ವಾಸ್ ಲುಕಿಂಗ್ ಫಾರ್ವರ್ಡ್’ ಎಂದು ಬರೆದು ಮುಗಿಸುತ್ತಾರೆ. ‘ಟು’ವಿಗೆ ಸೇರಬೇಕಾದ ‘ಡೇ’ ಮೊದಲೇ ಬಂದುಹೋಗಿದ್ದರೂ ‘ಟು’ ತನ್ನ ಜಾಗದಲ್ಲಿ ಉಳಿಯಲೇಬೇಕು: ‘ದ ಡೇ ಐ ವಾಸ್ ಲುಕಿಂಗ್ ಫಾರ್ವರ್ಡ್ ಟು’. ಪ್ರಶ್ನೆಯಲ್ಲೂ ಅಷ್ಟೆ: ‘ವಾಟ್ ಆರ್ ಯು ಲುಕಿಂಗ್ ಫಾರ್ವರ್ಡ್ ಟು?’ ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಬಾರದು ಎಂಬ ಮಾತನ್ನು ನೀವು ಕೇಳಿರಬಹುದು. ಅದು ಲ್ಯಾಟಿನ್ ವ್ಯಾಕರಣವನ್ನು ಮಾದರಿಯಾಗಿಟ್ಟುಕೊಂಡವರು ಬೆಳೆಸಿದ ಮಡಿ. ಒಳ್ಳೆಯ ಇಂಗ್ಲಿಷ್ ಬರಹಗಾರರು ಅದನ್ನು ಎಂದೂ ಪೂರ್ತಿಯಾಗಿ ಪಾಲಿಸಿಲ್ಲ.

‘ಐ ಲುಕ್’ ಮತ್ತು ‘ಐ ಆಮ್ ಲುಕಿಂಗ್’ ನಡುವಿನ ಆಯ್ಕೆ ವ್ಯಾಕರಣದ್ದಲ್ಲ, ಸಲುಗೆಯದು. ‘ಐ ಲುಕ್ ಫಾರ್ವರ್ಡ್ ಟು’ ಎಂಬುದು ಔಪಚಾರಿಕ. ಉದ್ಯೋಗದ ಅರ್ಜಿ, ಗ್ರಾಹಕರಿಗೆ ಪತ್ರ, ಮೇಲಧಿಕಾರಿಗೆ ವರದಿ, ಇಂಥಲ್ಲಿ ಅದು ಹೊಂದುತ್ತದೆ. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು’ ಎಂದರೆ ಬರೆದವರು ನಿಜವಾಗಿಯೂ ದಿನ ಎಣಿಸುತ್ತಿದ್ದಾರೆ ಎಂಬ ಬಿಸುಪು ಬರುತ್ತದೆ. ಪರಿಚಿತರಿಗೆ, ಒಟ್ಟಿಗೆ ಕೆಲಸ ಮಾಡುವವರಿಗೆ ಇದು ಸಹಜ. ಗೆಳೆಯರೊಂದಿಗೆ ಮುಂದಿನ ಭೇಟಿಯ ಬಗ್ಗೆ ಮಾತನಾಡುವಾಗ ‘ಐ ಲುಕ್ ಫಾರ್ವರ್ಡ್ ಟು ಸೀಯಿಂಗ್ ಯು’ ಎಂದರೆ ಪತ್ರ ಓದಿ ಹೇಳಿದ ಹಾಗೆ ಕೇಳಿಸುತ್ತದೆ. ಮತ್ತೆ ಮತ್ತೆ ನಡೆಯುವ ಸಂಗತಿಯಾದರೆ ಮಾತಿನಲ್ಲೂ ‘ಐ ಲುಕ್’ ಸರಿಹೋಗುತ್ತದೆ: ‘ಐ ಆಲ್ವೇಸ್ ಲುಕ್ ಫಾರ್ವರ್ಡ್ ಟು ಸಂಡೇಸ್’.

ಕರ್ತೃಪದವನ್ನು ಬಿಟ್ಟು ‘ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಎಂದಷ್ಟೇ ಬರೆಯುವುದು ಇಂದಿನ ಇಮೇಲ್‌ಗಳಲ್ಲಿ ತೀರಾ ಸಾಮಾನ್ಯ. ಅದು ಪೂರ್ಣ ವಾಕ್ಯವಲ್ಲವಾದರೂ ಆಪ್ತ ಬರವಣಿಗೆಯಲ್ಲಿ ಯಾರೂ ಮೂಗು ಮುರಿಯುವುದಿಲ್ಲ. ಸ್ವಾರಸ್ಯವೆಂದರೆ, ಈ ತುಂಡು ಹಿಂದೆ ಒಂದು ಪೂರ್ಣ ವಾಕ್ಯದ ಮೊದಲರ್ಧವಾಗಿತ್ತು. ಹಳೆಯ ಕಾಲದ ಇಂಗ್ಲಿಷ್ ಪತ್ರಗಳು ‘ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು, ಐ ರಿಮೇನ್, ಯುವರ್ಸ್ ಫೇತ್‌ಫುಲೀ’ ಎಂಬ ಧಾಟಿಯಲ್ಲಿ ಮುಗಿಯುತ್ತಿದ್ದವು. ‘ಲುಕಿಂಗ್’ ಯಾರು ಎಂಬ ಪ್ರಶ್ನೆಗೆ ‘ಐ ರಿಮೇನ್’ನ ‘ಐ’ ಉತ್ತರ ಕೊಡುತ್ತಿತ್ತು. ಸಹಿಯವರೆಗೆ ಎಲ್ಲವೂ ಒಂದೇ ವಾಕ್ಯವಾಗಿ ಹರಿಯುತ್ತಿತ್ತು. ಈಗ ‘ಐ ರಿಮೇನ್’ ಬಿದ್ದುಹೋಗಿದೆ, ಅದರ ಹಿಂದಿನ ಅಲ್ಪವಿರಾಮ ಮಾತ್ರ ಹಲವರ ಪತ್ರಗಳಲ್ಲಿ ಉಳಿದುಕೊಂಡಿದೆ. ‘ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಎಂದು ಬರೆದು ಅಲ್ಪವಿರಾಮ ಹಾಕಿ ಕೆಳಗಿನ ಸಾಲಿನಲ್ಲಿ ‘ರಿಗಾರ್ಡ್ಸ್’ ಎನ್ನುತ್ತಾರೆ. ಮುಂದೆ ಸೇರಿಕೊಳ್ಳಲು ಏನೂ ಇಲ್ಲದ ಮೇಲೆ ಅಲ್ಪವಿರಾಮಕ್ಕೆ ಕೆಲಸವಿಲ್ಲ. ಪೂರ್ಣವಿರಾಮ ಹಾಕಿ. ‘ಥ್ಯಾಂಕಿಂಗ್ ಯು’ ಎಂಬ ನಮ್ಮ ಅರ್ಜಿಗಳ ಕೊನೆಯ ಸಾಲಿನ ಕಥೆಯೂ ಇದೇ. ಅಲ್ಲಿ ‘ಥ್ಯಾಂಕ್ ಯು’ ಎಂದರೆ ಸಾಕು.

ಅರ್ಥದ ಕಡೆಗೂ ಸ್ವಲ್ಪ ನೋಡೋಣ, ಏಕೆಂದರೆ ವ್ಯಾಕರಣ ಸರಿಯಿದ್ದೂ ಅರ್ಥ ಎಡವಟ್ಟಾಗುವುದುಂಟು. ‘ಲುಕ್ ಫಾರ್ವರ್ಡ್ ಟು’ ಎಂದರೆ ಬರೀ ನಿರೀಕ್ಷಿಸುವುದಲ್ಲ, ಸಂತೋಷದಿಂದ ನಿರೀಕ್ಷಿಸುವುದು. ‘ಐ ಆಮ್ ನಾಟ್ ಲುಕಿಂಗ್ ಫಾರ್ವರ್ಡ್ ಟು ದ ಎಕ್ಸಾಮ್’ ಎಂದರೆ ಪರೀಕ್ಷೆಯನ್ನು ನಿರೀಕ್ಷಿಸುತ್ತಿಲ್ಲ ಎಂದಲ್ಲ. ಅದನ್ನು ನೆನೆದರೇ ಬೇಸರ ಎಂದರ್ಥ. ಹಾಗಾಗಿ ನಡೆಯಲಿರುವ ಎಲ್ಲದಕ್ಕೂ ಈ ಪದಗುಚ್ಛ ಹಚ್ಚಬಾರದು. ಸಂತಾಪ ಸಭೆಯ ಆಹ್ವಾನಕ್ಕೆ ಉತ್ತರಿಸುವಾಗ, ಸಹೋದ್ಯೋಗಿಯ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆಯುವಾಗ, ಯಾರದೋ ರಾಜೀನಾಮೆಯನ್ನು ಅಂಗೀಕರಿಸುವಾಗ ಇದು ಬಂದರೆ ಓದಿದವರಿಗೆ ಕಸಿವಿಸಿಯಾಗುತ್ತದೆ. ಭಾವನೆ ಬೆರೆಸದೆ ಹೇಳಬೇಕಾದಲ್ಲಿ ‘ಎಕ್ಸ್‌ಪೆಕ್ಟ್’ ಇದೆ. ಅದರಲ್ಲಿ ಸಂತೋಷವೂ ಇಲ್ಲ, ದುಃಖವೂ ಇಲ್ಲ. ಹೀಗಾಗುತ್ತದೆ ಎಂಬ ಎಣಿಕೆ ಮಾತ್ರ. ಆದರೆ ಅದಕ್ಕೆ ಅಧಿಕಾರದ ಗತ್ತು ಇದೆ. ‘ಐ ಎಕ್ಸ್‌ಪೆಕ್ಟ್ ಯುವರ್ ರಿಪ್ಲೈ ಬೈ ಫ್ರೈಡೇ’ ಎಂದು ಮೇಲಧಿಕಾರಿಗೆ ಬರೆದರೆ ಅಪ್ಪಣೆ ಕೊಟ್ಟ ಹಾಗಾಗುತ್ತದೆ. ‘ಅವೇಟ್’ ಅದಕ್ಕಿಂತ ಮೃದು, ಆದರೂ ತುಸು ಬಿಗಿ. ಬಾಕಿ ಹಣ ಕೇಳುವ ಪತ್ರದ ಕೊನೆಯಲ್ಲಿ ‘ವಿ ಲುಕ್ ಫಾರ್ವರ್ಡ್ ಟು ರಿಸೀವಿಂಗ್ ಯುವರ್ ಪೇಮೆಂಟ್’ ಎಂದು ಬರೆಯುವುದುಂಟು. ಅಲ್ಲಿನ ಸಂತೋಷ ಬರೀ ತೋರಿಕೆಯದು ಎಂದು ಇಬ್ಬರಿಗೂ ಗೊತ್ತು. ನಯವಾಗಿ ಹೇರುವ ಒತ್ತಡ ಅದು. ಅದೂ ಒಂದು ಕಲೆ.

‘ಇಂಗ್’ ಹಾಕಿದೊಡನೆ ಇನ್ನೊಂದು ಪ್ರಶ್ನೆ ಏಳುತ್ತದೆ: ಆ ಕ್ರಿಯೆ ಮಾಡುವವರು ಯಾರು? ಬೇರೆ ಯಾರನ್ನೂ ಹೆಸರಿಸದಿದ್ದರೆ ಅದು ವಾಕ್ಯದ ಕರ್ತೃವೇ. ‘ಐ ಲುಕ್ ಫಾರ್ವರ್ಡ್ ಟು ರಿಸೀವಿಂಗ್ ಯುವರ್ ರಿಪ್ಲೈ’ ಎಂಬಲ್ಲಿ ಪಡೆಯುವವನು ನಾನು, ಸರಿ. ‘ಐ ಲುಕ್ ಫಾರ್ವರ್ಡ್ ಟು ರಿಪ್ಲೈಯಿಂಗ್ ಸೂನ್’ ಎಂದು ಬರೆದರೆ ಉತ್ತರ ಕೊಡುವವನು ನಾನೇ ಎಂದಾಗುತ್ತದೆ. ಬರೆದವರು ಹೇಳಬಯಸಿದ್ದು ಅದಲ್ಲ. ‘ಐ ಲುಕ್ ಫಾರ್ವರ್ಡ್ ಟು ಕನ್ಫರ್ಮಿಂಗ್ ಮೈ ಅಪಾಯಿಂಟ್‌ಮೆಂಟ್’ ಎಂಬುದೂ ಇಂಥದ್ದೇ. ಖಚಿತಪಡಿಸಬೇಕಾದವರು ಅವರು, ವಾಕ್ಯ ಹೇಳುತ್ತಿರುವುದು ನಾನು ಎಂದು. ಇಂಥಲ್ಲಿ ನಾಮಪದವೇ ಲೇಸು: ‘ಐ ಲುಕ್ ಫಾರ್ವರ್ಡ್ ಟು ಯುವರ್ ಕನ್ಫರ್ಮೇಶನ್’.

ಇನ್ನೊಬ್ಬರ ಕ್ರಿಯೆಯನ್ನೇ ‘ಇಂಗ್’ನಲ್ಲಿ ಹೇಳಬೇಕಾದರೆ ಅವರನ್ನು ನಡುವೆ ಹೆಸರಿಸಬೇಕು. ‘ವಿ ಲುಕ್ ಫಾರ್ವರ್ಡ್ ಟು ಯುವರ್ ಜಾಯ್ನಿಂಗ್ ಅಸ್’ ಎನ್ನಬೇಕೋ, ‘ಟು ಯು ಜಾಯ್ನಿಂಗ್ ಅಸ್’ ಎನ್ನಬೇಕೋ ಎಂಬ ಜಗಳ ಹಳೆಯದು. ಇಂಗ್ಲಿಷ್ ಬಳಕೆಯ ಬಗ್ಗೆ ಬರೆದ ಹೆನ್ರಿ ಫೌಲರ್ ಎರಡನೆಯ ರಚನೆಗೆ ‘ಫ್ಯೂಸ್ಡ್ ಪಾರ್ಟಿಸಿಪಲ್’ ಎಂದು ಹೆಸರಿಟ್ಟು ಬಲವಾಗಿ ಖಂಡಿಸಿದರು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ ಆ ಖಂಡನೆಯನ್ನು ಒಪ್ಪಲಿಲ್ಲ. ಭಾಷೆ ಯೆಸ್ಪರ್ಸನ್ ಪಕ್ಷಕ್ಕೆ ವಾಲಿದೆ ಎನ್ನಬೇಕು. ಮಾತಿನಲ್ಲಿ ‘ಯು ಜಾಯ್ನಿಂಗ್’ ಎಂಬುದೇ ಹೆಚ್ಚು. ಔಪಚಾರಿಕ ಬರವಣಿಗೆಯಲ್ಲಿ ‘ಯುವರ್ ಜಾಯ್ನಿಂಗ್’ಗೆ ಇನ್ನೂ ಮರ್ಯಾದೆಯಿದೆ. ನಾನಾಗಿದ್ದರೆ ಜಗಳವನ್ನೇ ತಪ್ಪಿಸಿ ‘ವಿ ಲುಕ್ ಫಾರ್ವರ್ಡ್ ಟು ವೆಲ್ಕಮಿಂಗ್ ಯು’ ಎಂದು ಬರೆದುಬಿಡುತ್ತೇನೆ. ‘ಲುಕ್ ಫಾರ್ವರ್ಡ್ ದಟ್ ಯು ವಿಲ್ ಜಾಯ್ನ್’ ಎಂಬುದು ಮಾತ್ರ ಇಂಗ್ಲಿಷೇ ಅಲ್ಲ. ‘ದಟ್’ ಬೇಕೇ ಬೇಕು ಎನ್ನುವವರು ‘ಹೋಪ್’ ಕಡೆಗೆ ಹೋಗಬೇಕು.

ಉದ್ದ ವಾಕ್ಯಗಳಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ವಿಷಯವಿದೆ. ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು ಅಂಡ್ ಡಿಸ್ಕಸ್ ದ ಪ್ರಾಜೆಕ್ಟ್’ ಎಂಬ ವಾಕ್ಯ ನೋಡಿ. ಮೊದಲ ಕ್ರಿಯಾಪದಕ್ಕೆ ‘ಇಂಗ್’ ಬಂತು, ‘ಅಂಡ್’ ದಾಟಿದ ಮೇಲೆ ಮರೆತುಹೋಯಿತು. ‘ಟು’ವಿನ ಹಿಡಿತ ‘ಅಂಡ್’ ಆಚೆಗೂ ಇರುತ್ತದೆ. ‘ಡಿಸ್ಕಸಿಂಗ್’ ಎಂದೇ ಆಗಬೇಕು.

ಇಷ್ಟು ಹೊತ್ತು ಒಂದೇ ಪದಗುಚ್ಛವನ್ನು ಹಿಡಿದು ಕೂತಿದ್ದಕ್ಕೆ ಕಾರಣ, ಇದು ಒಂಟಿಯಲ್ಲ. ಪ್ರಿಪೊಸಿಷನ್ ‘ಟು’ ಇರುವ ದೊಡ್ಡ ಬಳಗವೇ ಇದೆ, ಅಲ್ಲೆಲ್ಲ ಇದೇ ತಪ್ಪು ಕಾಣುತ್ತದೆ. ಸಂಸ್ಥೆಗಳ ಪರಿಚಯ ಪತ್ರಗಳಲ್ಲಿ ‘ವಿ ಆರ್ ಕಮಿಟೆಡ್ ಟು ಇಂಪ್ರೂವ್’ ಎಂದಿರುತ್ತದೆ, ‘ಇಂಪ್ರೂವಿಂಗ್’ ಆಗಬೇಕು. ಸುತ್ತೋಲೆಗಳಲ್ಲಿ ‘ವಿತ್ ಎ ವ್ಯೂ ಟು ರೆಡ್ಯೂಸ್’ ಎಂದಿರುತ್ತದೆ; ‘ರೆಡ್ಯೂಸಿಂಗ್’ ಆಗಬೇಕು. ‘ದೇ ಆಬ್ಜೆಕ್ಟೆಡ್ ಟು ಪೇಯಿಂಗ್’, ‘ವೆನ್ ಇಟ್ ಕಮ್ಸ್ ಟು ರೈಟಿಂಗ್’, ‘ಇನ್ ಅಡಿಷನ್ ಟು ಟೀಚಿಂಗ್’, ‘ಪ್ರಯರ್ ಟು ಜಾಯ್ನಿಂಗ್’, ‘ಡೆಡಿಕೇಟೆಡ್ ಟು ಸರ್ವಿಂಗ್’: ಎಲ್ಲದಕ್ಕೂ ‘ಇಟ್’ ಪರೀಕ್ಷೆ ಹಚ್ಚಿ ನೋಡಿ, ನಿಲ್ಲುತ್ತವೆ.

ಈ ಬಳಗದಲ್ಲಿ ಅರ್ಥವನ್ನೇ ಬದಲಿಸಿಬಿಡುವ ಜೋಡಿಯೊಂದಿದೆ. ‘ಐ ಯೂಸ್ಡ್ ಟು ವರ್ಕ್ ಅಟ್ ನೈಟ್’ ಎಂದರೆ ಹಿಂದೆ ರಾತ್ರಿ ಕೆಲಸ ಮಾಡುತ್ತಿದ್ದೆ, ಈಗಿಲ್ಲ. ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’ ಎಂದರೆ ರಾತ್ರಿ ಕೆಲಸ ಮಾಡಿ ನನಗೆ ಅಭ್ಯಾಸವಿದೆ. ರಾತ್ರಿ ಪಾಳಿಯ ಕೆಲಸಕ್ಕೆ ಅರ್ಜಿ ಹಾಕುವವರು ‘ಐ ಆಮ್ ಯೂಸ್ಡ್ ಟು ವರ್ಕ್ ಅಟ್ ನೈಟ್’ ಎಂದು ಬರೆದರೆ ವಾಕ್ಯ ಅಭ್ಯಾಸವನ್ನೂ ಹೇಳುವುದಿಲ್ಲ, ಹಳೆಯ ರೂಢಿಯನ್ನೂ ಹೇಳುವುದಿಲ್ಲ. ‘ನನ್ನನ್ನು ರಾತ್ರಿ ಕೆಲಸಕ್ಕೆ ಉಪಯೋಗಿಸಲಾಗುತ್ತದೆ’ ಎಂಬ ವಿಚಿತ್ರ ಛಾಯೆ ಬರುತ್ತದೆ. ಇನ್ನು ‘ಐ ಯೂಸ್ಡ್ ಟು ವರ್ಕ್’ ಎಂದೇ ಬರೆದುಬಿಟ್ಟರೆ ಅರ್ಜಿದಾರರು ಆ ಕೆಲಸ ಬಿಟ್ಟು ಕೂತವರಾಗುತ್ತಾರೆ. ‘ಟು’ ಆದ ಮೇಲೆ ಒಂದು ‘ಇಂಗ್’ ಇದೆಯೋ ಇಲ್ಲವೋ ಎಂಬುದು ಇಲ್ಲಿ ಅಲಂಕಾರದ ಪ್ರಶ್ನೆಯಲ್ಲ.

ನಿಮ್ಮ ವಾಕ್ಯದ ಕೊನೆಯ ಭಾಗದ ಬಗ್ಗೆ ಚುಟುಕಾಗಿ. ‘ಹಿಯರ್ ಫ್ರಮ್ ಯು’ ಎಂದರೆ ನಿಮ್ಮಿಂದ ಪತ್ರವೋ ಕರೆಯೋ ಬರುವುದು. ‘ಹಿಯರ್ ಅಬೌಟ್ ಯು’ ಎಂದರೆ ನಿಮ್ಮ ಬಗ್ಗೆ ಬೇರೆಯವರಿಂದ ಕೇಳುವುದು. ‘ಹಿಯರ್ ಯು’ ಎಂದರೆ ನಿಮ್ಮ ದನಿ ಕಿವಿಗೆ ಬೀಳುವುದು. ಇಮೇಲ್‌ಗೆ ಬೇಕಾದ್ದು ‘ಫ್ರಮ್’. ಜೊತೆಗೆ ‘ಅಟ್ ದ ಅರ್ಲಿಯೆಸ್ಟ್’ ಸೇರಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಇಂಗ್ಲಿಷ್ ತಾಯ್ನುಡಿಯವರಿಗೆ ಅದರ ಅರ್ಥ ‘ಬೇಗ’ ಎಂದಲ್ಲ, ‘ಅದಕ್ಕಿಂತ ಮುಂಚೆ ಸಾಧ್ಯವೇ ಇಲ್ಲ’ ಎಂದು: ‘ಮಂಡೇ ಅಟ್ ದ ಅರ್ಲಿಯೆಸ್ಟ್’ ಎಂದರೆ ಸೋಮವಾರಕ್ಕಿಂತ ಮೊದಲು ಆಗದು. ‘ಸೂನ್’ ಎಂಬ ಒಂದೇ ಪದ ಸಾಕು. ಗಡುವು ಇದ್ದರೆ ದಿನವನ್ನೇ ಹೇಳಿ.

ಗಡುವಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಈ ಸಾಲನ್ನು ಪ್ರತಿ ಇಮೇಲ್‌ನ ಕೊನೆಗೂ ಅಂಟಿಸುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಉತ್ತರವೇ ಬೇಕಿಲ್ಲದ ಪತ್ರಗಳಿಗೂ ಅದು ಬಂದು ಕೂತಿರುತ್ತದೆ. ಲಗತ್ತಿಸಿದ ಕಡತವನ್ನು ನೋಡಿ ಎಂದಷ್ಟೇ ಹೇಳುವ ಇಮೇಲ್‌ಗೆ ಏನೆಂದು ಉತ್ತರಿಸಬೇಕು? ಇನ್ನೊಂದೆಡೆ, ನಿಜವಾಗಿಯೂ ಏನಾದರೂ ಆಗಬೇಕಿರುವ ಪತ್ರದಲ್ಲಿ ಈ ಸಾಲು ತೀರಾ ಮಸುಕು. ‘ಪ್ಲೀಸ್ ಲೆಟ್ ಮಿ ನೋ ಬೈ ಥರ್ಸ್‌ಡೇ ವೆದರ್ ದ ಡೇಟ್ಸ್ ಸೂಟ್ ಯು’ ಎಂದು ಕೇಳಿದರೆ ಓದುವವರಿಗೆ ತಾವು ಏನು ಮಾಡಬೇಕು, ಯಾವಾಗ ಮಾಡಬೇಕು ಎಂದು ತಿಳಿಯುತ್ತದೆ. ಅದಾದ ಮೇಲೆ ಬೇಕಿದ್ದರೆ ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಇರಲಿ, ಮರ್ಯಾದೆಗೆ.

ನಿಮ್ಮ ಇಮೇಲ್‌ನಲ್ಲಿ ಈ ಸಾಲು ಸಹಿಯ ಜೊತೆಗೇ ಸ್ವಯಂಚಾಲಿತವಾಗಿ ಬರುವಂತೆ ಇಟ್ಟುಕೊಂಡಿದ್ದರೆ ಮೊದಲು ಅಲ್ಲಿ ತಿದ್ದಿ. ಅನೇಕರು ಒಳಗಿನ ಪತ್ರವನ್ನು ಸರಿಯಾಗಿ ಬರೆದು ಅದನ್ನು ಮರೆಯುತ್ತಾರೆ. ಈಗಾಗಲೇ ಹೋಗಿರುವ ಪತ್ರಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ‘ಹಿಯರ್’ ಎಂದಿದ್ದರೂ ಓದಿದವರಿಗೆ ಅರ್ಥವಾಗಿರುತ್ತದೆ. ಅದೊಂದನ್ನು ಸರಿಪಡಿಸಲು ಮತ್ತೊಂದು ಇಮೇಲ್ ಕಳಿಸಿದರೆ, ಗಮನಿಸದೆ ಇದ್ದವರೂ ಗಮನಿಸುತ್ತಾರೆ.